ಚಿಕ್ಕಮ್ಮನಿಗೆಂದು ಕೇಳಿದ ರಜೆ

ಹಾಸಿಗೆ ಕಾರ್ಖಾನೆಯಲ್ಲಿ ಸ್ಪ್ರಿಂಗು ಕೂರಿಸುವ ಅವನನ್ನು ಎಲ್ಲರೂ ಸ್ಪ್ರಿಂಗಣ್ಣ ಎಂದೇ ಕರೆಯುತ್ತಿದ್ದರು. ಹೆಸರು ಕೇಳಿ ಪುಟಿಯುವ ಆಸಾಮಿ ಅಂದುಕೊಂಡೀರಿ. ಕರೆದರೆ ತಲೆ ಎತ್ತುವುದಕ್ಕೂ ಸಂಕೋಚಪಡುವ ಮನುಷ್ಯ. ಮದುವೆಯಾಗಿರಲಿಲ್ಲ. ಮನೆಯಲ್ಲಿ ಇದ್ದದ್ದು ಅವನು ಮತ್ತು ಚಿಕ್ಕಮ್ಮ, ಇಬ್ಬರೇ.

ಹೆತ್ತ ತಾಯಿ ಬಾಣಂತನದಲ್ಲೇ ಹೋಗಿಬಿಟ್ಟಳು. ಅಪ್ಪ ಎನ್ನಿಸಿಕೊಂಡವನು ಬೇರೆ ಸಂಸಾರ ಕಟ್ಟಿಕೊಂಡು ಕೈ ತೊಳೆದುಕೊಂಡ. ಕೂಸನ್ನು ಎತ್ತಿಕೊಂಡವಳು ತಾಯಿಯ ತಂಗಿ. ತನ್ನ ಮದುವೆಯ ಮಾತನ್ನು ಅವಳು ಅಲ್ಲಿಗೇ ಬಿಟ್ಟಳು. ಆದರೆ ಒಂದು ಹಟ. ಮಗು ಮೊದಲ ಸಲ 'ಅಮ್ಮ' ಅಂದಾಗ ಗೋಡೆಯ ಮೇಲಿನ ಫೋಟೊ ತೋರಿಸಿ, "ಅಮ್ಮ ಅವಳು. ನಾನು ಚಿಕ್ಕಮ್ಮ," ಅಂದಳು. ತರಕಾರಿಯವನು, ಬಸ್ಸಿನ ಕಂಡಕ್ಟರು, ಪಕ್ಕದ ಮನೆಯ ಹುಡುಗರು ಎಲ್ಲರೂ ಅವಳನ್ನು ಬಾಯ್ತುಂಬ ಅಮ್ಮಾ ಎಂದು ಕರೆಯಬಹುದು. ಲೋಕದಲ್ಲಿ ಇವನೊಬ್ಬನಿಗೆ ಮಾತ್ರ ಅದು ಇಲ್ಲ. ಇದು ಯಾವ ಸೀಮೆಯ ನ್ಯಾಯವೋ ನನಗಂತೂ ತಿಳಿಯದು.

ಆ ಚಿಕ್ಕಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆಯಿತು. ಮನೆಗೆ ಹೋದ ಮೇಲೆ ಒಂದೂವರೆ ತಿಂಗಳಾದರೂ ಒಬ್ಬರು ಜೊತೆಗೇ ಇರಬೇಕು, ಹಿಡಿದು ನಡೆಸಬೇಕು, ಇಲ್ಲದಿದ್ದರೆ ಮತ್ತೆ ಎದ್ದು ಓಡಾಡುವ ಆಸೆ ಬಿಡಿ ಎಂದರು ಡಾಕ್ಟರು.

ಸ್ಪ್ರಿಂಗಣ್ಣ ಅಂಗಿಗೆ ಅಂಟಿದ್ದ ಹತ್ತಿಯ ಎಳೆಗಳನ್ನು ಕೊಡವಿಕೊಂಡು ರಜೆ ಕೇಳಲು ಮ್ಯಾನೇಜರ ಮುಂದೆ ಹೋಗಿ ನಿಂತ.

"ಯಾರಿಗೆ ಹುಷಾರಿಲ್ಲ?"

"ಚಿಕ್ಕಮ್ಮನಿಗೆ ಸಾರ್."

"ಚಿಕ್ಕಮ್ಮ, ದೊಡ್ಡಮ್ಮ, ಸೋದರತ್ತೆ ಅಂತ ಕೊಡ್ತಾ ಹೋದ್ರೆ ನಾನು ಕಾರ್ಖಾನೆಗೆ ಬೀಗ ಹಾಕ್ಬೇಕಾಗುತ್ತೆ. ಅಲ್ಲಯ್ಯ, ಅದು ಗಂಡಸು ಮಾಡೋ ಕೆಲಸನಾ? ಯಾರಾದ್ರೂ ಹೆಂಗಸನ್ನ ಗೊತ್ತು ಮಾಡು. ಸೋಮವಾರ ಬರ್ಲಿಲ್ಲ ಅಂದ್ರೆ ಆಮೇಲೆ ಬರೋದೇ ಬೇಡ."

'ಅಮ್ಮನಿಗೆ' ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ಹುಟ್ಟಿದಾಗಿನಿಂದ ಬೇಡ ಎನ್ನಿಸಿಕೊಂಡ ಮಾತು, ಬೇಕೆಂದ ತಕ್ಷಣ ಬಾಯಿಗೆ ಬರುತ್ತದೆಯೇ?

ಜೋಲು ಮುಖ ಹಾಕಿಕೊಂಡು ಬಂದವನನ್ನು ಹಾಸಿಗೆಯ ಅಂಚು ಹೊಲಿಯುವ ಹೆಂಗಸು ತಡೆದಳು. ಅವಳು ಎಲ್ಲರಿಗೂ ಹೊಲಿಗೆ ಅಕ್ಕ. ವಿಷಯ ಕೇಳಿ ಮೆಷಿನ್ ನಿಲ್ಲಿಸಿದಳು.

"ಹೋದ ವರ್ಷ ನಮ್ಮತ್ತೆ ಹಾಸಿಗೆ ಹಿಡಿದಾಗ ನಾನು ಕೇಳಿದ ತಕ್ಷಣ ಕೊಟ್ರಲ್ಲ. ಸೊಸೆಗೆ ಉಂಟು, ಸಾಕಿದ ಮಗನಿಗೆ ಇಲ್ವಾ? ನಡಿ ಕಾರ್ಮಿಕ ಕಚೇರಿಗೆ. ನಾನು ಬಂದು ಹೇಳ್ತೀನಿ."

"ಬೇಡಕ್ಕ, ನಿನ್ನ ಮೇಲೂ ಅವರಿಗೆ ಸಿಟ್ಟು ಬರುತ್ತೆ."

"ಬರ್ಲಿ. ಏನ್ ಮಾಡ್ತಾರೆ, ಹಾಸಿಗೆ ಒಳಗಿಟ್ಟು ಹೊಲಿದುಬಿಡ್ತಾರಾ?"

ತನ್ನ ಅರ್ಧ ದಿನದ ರಜೆ ಹಾಕಿ ಅವಳು ಹೊರಟೇಬಿಟ್ಟಳು. ಒಡಹುಟ್ಟಿದವರೂ ಹೀಗೆ ಬರುವುದಿಲ್ಲ.

ಕಾರ್ಮಿಕ ಕಚೇರಿಯ ಅಧಿಕಾರಿ ಕನ್ನಡಕವನ್ನು ಹಣೆಗೇರಿಸಿಕೊಂಡು ಇಬ್ಬರ ಮಾತನ್ನೂ ಕೊನೆಯತನಕ ಕೇಳಿದರು. ಸರ್ಕಾರಿ ಕಚೇರಿಯಲ್ಲಿ ಮಾತನ್ನು ಕೊನೆಯತನಕ ಕೇಳುವ ಒಬ್ಬ ಹೆಣ್ಣುಮಗಳು ಸಿಕ್ಕಿದ್ದೇ ಪುಣ್ಯ.

"ಹೆಂಗಸರಿಗೆ ಕೊಟ್ಟು, ನೀವು ಗಂಡಸು ಅಂತ ಇಲ್ಲ ಅನ್ನೋದು ತಾರತಮ್ಯ. ಅದಕ್ಕೆ ಈ ಅಕ್ಕನ ಮಾತೇ ಸಾಕು," ಎಂದರು. "ಆದರೆ ಈ ರಜೆ ತಂದೆತಾಯಿ, ಅತ್ತೆಮಾವ, ಇಲ್ಲಾ ತಂದೆತಾಯಿಯ ಸ್ಥಾನದಲ್ಲಿ ನಿಂತು ಸಾಕಿದವರ ಆರೈಕೆಗೆ ಮಾತ್ರ. ಅದನ್ನ ನಿಮ್ಮ ಚಿಕ್ಕಮ್ಮನೇ ಹೇಳ್ಬೇಕು. ನಾಳೆ ಆಸ್ಪತ್ರೆಗೆ ಬರ್ತೀನಿ."

ತಾಯಿಯ ಸ್ಥಾನ ಎಂದು ಕೇಳಿದ್ದೇ ಚಿಕ್ಕಮ್ಮ ಇದಕ್ಕೆ ಒಪ್ಪುವವಳಲ್ಲ ಅಂದುಕೊಂಡ ಸ್ಪ್ರಿಂಗಣ್ಣ. ಸಂಜೆ ಆಸ್ಪತ್ರೆಗೆ ಹೋಗಿ ವಿಷಯ ಹೇಳಿದಾಗ ಹಾಗೇ ಆಯಿತು.

"ಅಕ್ಕನ ಜಾಗದಲ್ಲಿ ನಾನು ಕೂತೆ ಅಂತ ಹೇಳ್ಲಾ? ನನ್ನ ಕೈಲಾಗಲ್ಲ," ಎಂದಳು ಚಿಕ್ಕಮ್ಮ.

"ಕೆಲಸ ಹೋಗುತ್ತೆ ಚಿಕ್ಕಮ್ಮ."

"ಹಾಗಾದ್ರೆ ಸೋಮವಾರ ಕೆಲಸಕ್ಕೆ ಹೋಗು. ನಾನು ಹೇಗೋ ಇರ್ತೀನಿ." ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು. ಹೇಗಿರುತ್ತಾಳೆ? ನೀರಿನ ಲೋಟಕ್ಕೆ ಕೈಚಾಚಲೂ ಆಗದವಳು. ಅವಳ ಕಾಲು ಉಳಿಯಬೇಕಾದರೆ ತನ್ನ ಕೆಲಸ ಹೋಗಬೇಕು. ಹೋಗಲಿ ಎಂದು ಅವನು ಮನಸ್ಸಿನಲ್ಲೇ ನಿರ್ಧರಿಸಿಬಿಟ್ಟ.

ಮಾರನೆಯ ದಿನ ಅಧಿಕಾರಿ ಬಂದು ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತರು.

"ಇವರು ನಿಮ್ಮ ಮಗನೇನಮ್ಮ?"

"ಅಲ್ಲ. ನಮ್ಮಕ್ಕನ ಮಗ."

ಮುಗಿಯಿತು ಅಂದುಕೊಂಡ ಸ್ಪ್ರಿಂಗಣ್ಣ. ಅಧಿಕಾರಿ ಏಳಲಿಲ್ಲ.

"ಚಿಕ್ಕವರಿದ್ದಾಗ ಇವರಿಗೆ ಜ್ವರ ಬಂದ್ರೆ ಯಾರು ನೋಡ್ಕೋತಿದ್ರು?"

"ಇನ್ಯಾರಿದ್ರು? ನಾನೇ."

"ಸ್ಕೂಲಿಗೆ ಸೇರಿಸಿದ್ದು?"

"ನಾನೇ. ಒಂದು ವಾರ ಬಾಗಿಲಲ್ಲೇ ಕೂತಿದ್ದೆ, ನನ್ನ ಬಿಟ್ಟು ಒಳಗೆ ಹೋಗ್ತಿರ್ಲಿಲ್ಲ."

"ತಪ್ಪು ಮಾಡಿದಾಗ ಹೊಡೆದದ್ದು?"

"ಅದೂ ನಾನೇ. ಚೆನ್ನಾಗೇ ಕೊಟ್ಟಿದೀನಿ. ಆಮೇಲೆ ಅತ್ತಿದ್ದೂ ನಾನೇ."

"ಸಾಕಮ್ಮ. ಕಾನೂನಿಗೆ ಬೇಕಾಗಿದ್ದು ಇಷ್ಟೇ. ಇವರು ನಿಮ್ಮನ್ನ ಏನಂತ ಕರೀತಾರೆ ಅನ್ನೋದು ನಿಮ್ಮ ಮನೆ ವಿಷಯ."

ವರಾಂಡಕ್ಕೆ ಹೋಗಿ ಅಲ್ಲಿಂದಲೇ ಮ್ಯಾನೇಜರಿಗೆ ಫೋನು ಮಾಡಿದರು. ದನಿ ಏರಿಸದೆ ಒಂದೊಂದೇ ಮಾತು ಬಿಡಿಸಿ ಹೇಳಿದರು. ರಜೆಯೂ ಸಿಕ್ಕಿತು, ಕೆಲಸವೂ ಉಳಿಯಿತು. ಸ್ಪ್ರಿಂಗಣ್ಣ ಅವರಿಗೆ ಕೈಮುಗಿದ.

"ನಾನೇನು ಉಪಕಾರ ಮಾಡ್ಲಿಲ್ಲ. ಇದು ನಿಮ್ಮ ಹಕ್ಕು," ಎಂದರು ಅಧಿಕಾರಿ.

ಹಕ್ಕೇ ಇರಬಹುದು. ಅದನ್ನು ತಂದು ಕೈಗಿಟ್ಟವರಿಗೆ ಕೈಮುಗಿಯಬಾರದು ಅಂತ ಯಾವ ಕಾನೂನಿದೆ? ಆ ಅಧಿಕಾರಿಗೂ ಹೊಲಿಗೆ ಅಕ್ಕನಿಗೂ ಅವನು ಮನಸ್ಸಿನಲ್ಲಿ ಎಷ್ಟು ಸಲ ಕೈಮುಗಿದನೋ.

ಒಳಗೆ ಬಂದರೆ ಚಿಕ್ಕಮ್ಮ ಸೂರು ನೋಡುತ್ತಾ ಮಲಗಿದ್ದಳು. ಕಣ್ಣಂಚು ಒದ್ದೆಯಾಗಿತ್ತು.

"ಏನೋ, ನಾನು ಹೇಳಿದ್ರಲ್ಲಿ ಅಕ್ಕನದ್ದು ಏನೂ ಕಿತ್ಕೊಂಡ ಹಾಗೆ ಆಗ್ಲಿಲ್ಲ ತಾನೆ?"

ಇಷ್ಟು ವರ್ಷ ಅವಳು ಅಕ್ಕನಿಗೆಂದು ಕಾಪಾಡಿಕೊಂಡು ಬಂದದ್ದು ಏನು ಎಂಬುದು ಅವನಿಗೆ ಈಗ ಅರ್ಥವಾಯಿತು. ಆ ಇನ್ನೊಂದು ಮಾತು ನಾಲಗೆಯ ತುದಿಗೇ ಬಂದಿತ್ತು. ನುಂಗಿಕೊಂಡ.

"ಇಲ್ಲ ಚಿಕ್ಕಮ್ಮ. ಅವಳದ್ದು ಅವಳಿಗೇ ಇದೆ."

"ಹಾಗಾದ್ರೆ ಸರಿ," ಎಂದು ಅವಳು ಎರಡೂ ಕೈಗಳನ್ನು ಅವನ ಕಡೆ ಚಾಚಿದಳು. "ಎತ್ತಿ ಕೂರಿಸು ನನ್ನ."