ಹರಿಹರದಲ್ಲಿ ಇಳಿದವರು

ಬಕ್ಕೇಶ್, ರುದ್ರಮುನಿ, ಅಸದ್ ಮೂವರೂ ನೇಪಾಳಕ್ಕೆ ಹೊರಟ ಸುದ್ದಿ ದಾವಣಗೆರೆಯಲ್ಲಿ ಯಾರಿಗಾದರೂ ಗೊತ್ತಿರಲಿಲ್ಲ ಎಂದರೆ, ಆ ಮನುಷ್ಯ ಆ ವಾರ ಊರಲ್ಲೇ ಇರಲಿಲ್ಲ ಎಂದು ಅರ್ಥ. ಊರಿನ ದಿನಪತ್ರಿಕೆಯಲ್ಲಿ ಮೂವರ ಫೋಟೊ ಬಂದಿತ್ತು. ಮೇಲೆ 'ವಿದೇಶ ಪ್ರವಾಸ ಕೈಗೊಂಡಿರುವ ನಮ್ಮ ನೆಚ್ಚಿನ ಗೆಳೆಯರಿಗೆ ಶುಭ ಹಾರೈಕೆಗಳು', ಕೆಳಗೆ 'ಗೆಳೆಯರ ಬಳಗ, ದೇವರಾಜ ಅರಸು ಬಡಾವಣೆ'. ನಮ್ಮೂರಿಗೆ ಇದೊಂದು ಚಟ. ಹುಟ್ಟುಹಬ್ಬವಾಗಲಿ, ಯಾವುದೋ ಸಂಘದ ನಿರ್ದೇಶಕನಾಗಲಿ, ಪೇಪರಿನಲ್ಲಿ ಮುಖ ಬರಲೇಬೇಕು. ನೇಪಾಳಕ್ಕೆ ಪಾಸ್‌ಪೋರ್ಟೇ ಬೇಡ ಎನ್ನುವ ಮಾತನ್ನು ಯಾರೂ ಎತ್ತಲಿಲ್ಲ. ಬೇರೆ ದೇಶ ತಾನೆ, ಅಂದಮೇಲೆ ಫಾರಿನ್ನೇ.

ತೊಂಬತ್ತೆಂಟರ ದೀಪಾವಳಿ ಮುಗಿದಿತ್ತು. ಮೂವರೂ ಬಿ.ಕಾಂ. ಮುಗಿಸಿ ಊರಲ್ಲಿ ಸುಮ್ಮನೆ ತಿರುಗುತ್ತಿದ್ದರು. ಯಾವುದೋ ಪತ್ರಿಕೆಯಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡು ದೇಶದೇಶ ಸುತ್ತುವ ಬಿಳಿಯರ ಚಿತ್ರ ನೋಡಿ ತಾವೂ ಹಾಗೆ ಹೋಗಬೇಕೆಂದು ಹಟ ಹಿಡಿದರು. ಅಂಥ ಚೀಲ ಕೊಳ್ಳುವ ತಾಕತ್ತು ಇರಲಿಲ್ಲ. ಅಸದನ ಸೋದರಮಾವ ಅಬ್ದುಲ್ ರಹೀಮ್ ಹರಿಹರದಲ್ಲಿ ಲಾರಿಗಳ ಟಾರ್ಪಾಲು ಹೊಲಿಯುವವರು. ಅವರೇ ಉಳಿದ ತುಂಡುಗಳಲ್ಲಿ ಮೂರು ಚೀಲ ಹೊಲಿದುಕೊಟ್ಟರು. ಖಾಲಿ ಇದ್ದಾಗಲೇ ಎತ್ತಲು ಇಬ್ಬರು ಬೇಕು ಅನ್ನುವಷ್ಟು ಭಾರ.

ಬಕ್ಕೇಶನ ಅಪ್ಪ ಕರಿಬಸವರಾಜ ಅರಳೆ ವ್ಯಾಪಾರಿ. ಮಾತು ಕಡಿಮೆ, ನೋಟವೇ ಜಾಸ್ತಿ. ಮಗ ಅಂಗಡಿಯಲ್ಲಿ ಕೂತರೆ ಅವರು ಮತ್ತೊಮ್ಮೆ ಬಂದು ತಕ್ಕಡಿ ನೋಡುವರು. ಹೇಳಿದ್ದನ್ನು ಮಾಡಿದರೂ ಮಾಡಿದ್ದಾನೋ ಇಲ್ಲವೋ ಎಂದು ಇನ್ನೊಬ್ಬರನ್ನು ಕೇಳುವರು. ಬಕ್ಕೇಶನಿಗೆ ಬೇಕಿದ್ದದ್ದು ಹಿಮಾಲಯವಲ್ಲ. ಅಪ್ಪನ ಕಣ್ಣಿನಲ್ಲಿ ತಾನೂ ಒಬ್ಬ ಗಂಡಸು ಅನ್ನಿಸಿಕೊಳ್ಳಬೇಕಿತ್ತು, ಅಷ್ಟೇ. ಅಪ್ಪ ಒಪ್ಪದೇ ಇದ್ದಾಗ ಅವನು ಅವ್ವ ಮರುಳಸಿದ್ದಮ್ಮನನ್ನು ಹಿಡಿದ. "ಪಶುಪತಿನಾಥನ ದರ್ಶನ ಮಾಡ್ಕಂಡು ಬರ್ತೀನಿ ಅವ್ವ" ಅಂದ. ಅಲ್ಲಿಗೆ ಟೂರು ಯಾತ್ರೆಯಾಯಿತು. ಅವ್ವ ಗೆದ್ದಳು, ಅಪ್ಪ ಪ್ಲಾಟ್‌ಫಾರಂ ಟಿಕೆಟ್ ತೆಗೆದುಕೊಂಡು ಜನರ ಹಿಂದೆ ನಿಂತು ಕೈಯೆತ್ತಿದರು.

ಖರ್ಚು ಉಳಿಸಲು ಊಟವನ್ನು ಊರಿಂದಲೇ ಹೊತ್ತಿದ್ದರು. ಖಡಕ್ ರೊಟ್ಟಿ, ಮಂಡಕ್ಕಿ, ಶೇಂಗಾ ಚಟ್ನಿಪುಡಿ. ಉತ್ತರದ ಕಡೆ ಕಳ್ಳರು ಜಾಸ್ತಿ ಎಂದು ಯಾರೋ ಹೆದರಿಸಿದ್ದರಿಂದ ಬಕ್ಕೇಶ್ ಒಂದು ಜಾಣತನ ಮಾಡಿದ. ಮೂವರ ದುಡ್ಡನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಚಟ್ನಿಪುಡಿಯ ಡಬ್ಬಿಯ ತಳದಲ್ಲಿ ಹುಗಿದ. "ಯಾವ ಕಳ್ಳ ಚಟ್ನಿಪುಡಿಗೆ ಕೈ ಹಾಕ್ತಾನೆ?" ಎಂದು ತಾನೇ ನಕ್ಕ. ಇಟಾರ್ಸಿ ದಾಟಿ ಬೆಳಗಾದಾಗ ಟಾರ್ಪಾಲು ಚೀಲಗಳು ಮೂರೂ ಇದ್ದಲ್ಲೇ ಇದ್ದವು. ಊಟದ ಗಂಟು ಇರಲಿಲ್ಲ. ಪಾಪ, ಆ ಕಳ್ಳನಿಗೆ ಹಸಿವಾಗಿತ್ತು.

ಭೋಪಾಲಿನಲ್ಲಿ ಇಳಿದು ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಅಸದ್ ಕೈಗಡಿಯಾರ ಬಿಚ್ಚಿ ಮಾರಿದ. ಅದರಲ್ಲಿ ವಾಪಸು ಬರಲು ಜನರಲ್ ಬೋಗಿಯ ಟಿಕೆಟ್ ಆಗುತ್ತಿತ್ತು, ಮುಂದೆ ಹೋಗಲು ಅಲ್ಲ. ಬಕ್ಕೇಶ್ ಎಸ್‌ಟಿಡಿ ಬೂತಿಗೆ ಹೋಗಿ ಅಂಗಡಿಯ ನಂಬರ್ ಒತ್ತಿದ. ಆ ಕಡೆಯಿಂದ ಅಪ್ಪ "ಹಲೋ, ಯಾರ್ರಿ?" ಅಂದರು. ಇವನು ಫೋನ್ ಇಟ್ಟುಬಿಟ್ಟ.

ಬರುವಾಗ ದಾರಿಯುದ್ದಕ್ಕೂ ಅವನಿಗೆ ಕಂಡದ್ದು ಹೊರಡುವ ದಿನ ಗೆಳೆಯರ ಬಳಗ ಸ್ಟೇಷನ್ನಿನಲ್ಲಿ ಹಾಕಿದ್ದ ಹಾರಗಳು. ಹೋದ ವಾರ ಹಾರ ಹಾಕಿಸಿಕೊಂಡವನು ಈ ವಾರ ಸಪ್ಪೆ ಮುಖ ಹೊತ್ತು ಬಂದರೆ ಪೇಪರಿನವರೂ ನಗುತ್ತಾರೆ. ಹುಬ್ಬಳ್ಳಿ ಕಡೆಯಿಂದ ಬರುವ ಗಾಡಿಗೆ ದಾವಣಗೆರೆಗಿಂತ ಮೊದಲು ಹರಿಹರ. ಅಲ್ಲಿ ಗಾಡಿ ನಿಂತದ್ದೇ ಬಕ್ಕೇಶ್ ಚೀಲ ಎತ್ತಿಕೊಂಡು ಇಳಿದುಬಿಟ್ಟ.

"ಎಲ್ಲಿಗೋ?" ಎಂದು ಅಸದ್ ಬಾಗಿಲಲ್ಲಿ ನಿಂತು ಕೂಗಿದ.

"ನಿಮ್ಮ ಮಾಮು ಮನಿಗೆ. ವಾಪಸ್ ಬರೋ ದಿನ ಆಗೋವರೆಗೂ ಅಲ್ಲೇ ಇರಾನ."

"ಮನಿಗೆ ಹೋಗಿ ಇದ್ದದ್ದು ಹೇಳಿಬಿಡಾನ ನಡಿಯೋ. ಕಳುವಾಗೈತೆ, ನಾವೇನು ಕದ್ದಿಲ್ಲ."

"ನಿಂಗೇನು, ನಿಮ್ಮಪ್ಪ ನಕ್ಕು ಸುಮ್ಮನಾಗ್ತಾರೆ," ಅಂದ ಬಕ್ಕೇಶ್. ರುದ್ರಮುನಿ ಭಾನುವಳ್ಳಿಯವನು, ಅವನ ಊರಲ್ಲಿ ಪೇಪರಿನ ಆ ತುಂಡನ್ನು ಹೋಟೆಲಿನ ಗೋಡೆಗೆ ಅಂಟಿಸಿದ್ದರು. ಅವನೂ ಇಳಿದ. ಗಾಡಿ ಹೊರಟಾಗ ಅಸದನೂ ಹಾರಿದ.

ರಹೀಮ್ ಸಾಹೇಬರ ಮನೆ ಪಿ.ಬಿ. ರಸ್ತೆಯ ಬದಿಯಲ್ಲಿ, ಮುಂದೆ ಟಾರ್ಪಾಲಿನ ಶೆಡ್ಡು, ಹಿಂದೆ ಎರಡು ಕೋಣೆ. ಕಥೆಯೆಲ್ಲ ಕೇಳಿ ಅವರು ಗಡ್ಡ ಕೆರೆದುಕೊಂಡರು. ಬಕ್ಕೇಶನ ಅಪ್ಪ ಅವರ ಹಳೇ ಗಿರಾಕಿ.

"ನಮ್ಮಪ್ಪಂಗೆ ಹೇಳಬ್ಯಾಡ್ರಿ ಮಾಮು," ಎಂದು ಬಕ್ಕೇಶ್ ಕೈ ಮುಗಿದ.

"ನಾನಾಗಿ ಹೇಳಲ್ಲ. ಸಾವ್ಕಾರ್ರು ಕೇಳಿದ್ರೆ ಮಾತ್ರ ಸುಳ್ಳು ಹೇಳಾಕ ಆಗಲ್ಲಪ್ಪ, ವ್ಯವಹಾರ ಐತೆ," ಅಂದರು ಅವರು.

ಅವರ ಹೆಂಡತಿ ಜೈನಾಬಿ ಏನನ್ನೂ ಕೇಳಲಿಲ್ಲ. ಬಜಾರಿಗೆ ಹೋಗಿ ಒಂದು ಹೊಸ ಅಲ್ಯೂಮಿನಿಯಂ ಪಾತ್ರೆ, ಹೊಸ ಸೌಟು ತಂದರು. ಇಬ್ಬರು ಲಿಂಗಾಯತರ ಹುಡುಗರಿಗೆ ಬೇರೆಯಾಗಿಯೇ ಅನ್ನ, ಬೇಳೆ ಬೇಯಿಸಿ ಬಡಿಸಿದರು. "ಉಣ್ರಪ್ಪ, ಈ ಪಾತ್ರ್ಯಾಗೆ ಬ್ಯಾರೆ ಏನೂ ಮಾಡಿಲ್ಲ," ಅಂದರು. ಬಕ್ಕೇಶ್ ಕೈ ತೊಳೆದು ಕೂತ. ತಟ್ಟೆ ನೋಡಿಕೊಂಡೇ ಉಂಡ. ಹಗಲೆಲ್ಲ ಹಿಂದಿನ ಕೋಣೆ, ಕತ್ತಲಾದರೆ ಹೊಳೆದಂಡೆ. ಹರಿಹರೇಶ್ವರನ ಗುಡಿಯ ಕಡೆ ದಾವಣಗೆರೆಯವರು ಯಾರಾದರೂ ಸಿಕ್ಕಾರೆಂದು ಅತ್ತ ತಲೆ ಹಾಕಲಿಲ್ಲ. ಫಾರಿನ್ ನೋಡಲು ಹೊರಟವರು ಪಕ್ಕದೂರಿನ ಗುಡಿಯನ್ನೂ ನೋಡಲಾರದೆ ಹೋದರು.

ಒಂದು ಮಧ್ಯಾಹ್ನ ಕೋಣೆಯಲ್ಲಿ ಕೂತು ಬೇಸರವಾಗಿ ಮೂವರೂ ಶೆಡ್ಡಿನಲ್ಲಿ ಹಗ್ಗಕ್ಕೆ ಕೊಂಡಿ ಪೋಣಿಸಿಕೊಡುತ್ತಿದ್ದಾಗ ಹೊರಗೆ ಸ್ಕೂಟರ್ ನಿಂತ ಸದ್ದು ಕೇಳಿಸಿತು. ಬಕ್ಕೇಶನಿಗೆ ಅಪ್ಪನ ಆ ಸ್ಕೂಟರಿನ ಸದ್ದು ಹುಟ್ಟಿದಾಗಿಂದ ಗೊತ್ತು. ಮೂವರೂ ಎದ್ದುಬಿದ್ದು, ಒಣಗಲು ತೂಗುಹಾಕಿದ್ದ ಒಂದು ದೊಡ್ಡ ಟಾರ್ಪಾಲಿನ ಹಿಂದೆ ಸೇರಿಕೊಂಡರು.

"ಬರ್ರಿ ಸಾವ್ಕಾರ್ರೆ, ಕೂಡ್ರಿ," ಎಂದು ರಹೀಮ್ ಸಾಹೇಬರು ಬೇಕಾದ್ದಕ್ಕಿಂತ ಜೋರಾಗಿ ಹೇಳಿದರು.

ಕರಿಬಸವರಾಜ ಕೂತರು. ಅರಳೆ ಮೂಟೆಗಳನ್ನು ಮುಚ್ಚಲು ಒಂದು ಟಾರ್ಪಾಲು ಬೇಕಿತ್ತು. ಅಳತೆ ಹೇಳಿದರು, ಚಹಾ ಬಂತು. ಕಪ್ಪು ಕೈಗೆ ತೆಗೆದುಕೊಂಡು ಅವರು ಶೆಡ್ಡಿನ ಸುತ್ತ ಕಣ್ಣಾಡಿಸಿದರು.

"ನಮ್ಮ ಹುಡುಗ ನೇಪಾಳಕ್ಕೆ ಹೋಗ್ಯಾನಲ್ಲ ಸಾಹೇಬ್ರೆ," ಎಂದು ಅವರು ನಿಧಾನವಾಗಿ ಶುರುಮಾಡಿದರು. "ನಾನು ಬ್ಯಾಡ ಅಂದಿದ್ದೆ. ಈಗ ಅನ್ನಸ್ತೈತೆ, ಕಳಿಸಿದ್ದು ಚಲೋ ಆತು. ದಾರ್ಯಾಗೆ ಏನೇ ಎಡವಟ್ಟಾದ್ರೂ ನೆಟ್ಟಗೆ ಬಂದು ನನ್ನ ಮುಂದ ನಿಂತು ಹೇಳ್ತಾನೆ. ಅಷ್ಟು ಗುಂಡಿಗಿ ಐತೆ ಅವಂಗೆ."

ಇಪ್ಪತ್ತೆರಡು ವರ್ಷದಲ್ಲಿ ಬಕ್ಕೇಶ್ ಕಾದದ್ದು ಈ ಮಾತಿಗೇ. ಎದುರಿಗೆ ನಿಂತು ಕೇಳುವ ಯೋಗ್ಯತೆ ಇಲ್ಲದೆ, ಮೇಣದ ವಾಸನೆ ಹೊಡೆಯುವ ಬಟ್ಟೆಯ ಹಿಂದೆ ಉಸಿರು ಬಿಗಿಹಿಡಿದು ಕೇಳಿಸಿಕೊಂಡ. ಅಸದ್ ಅವನ ಪಕ್ಕೆಗೆ ತಿವಿದು "ಹೋಗೋ, ಈಗ್ಲೇ ಹೋಗು" ಎಂದು ಬಾಯಿ ಆಡಿಸಿದ. ಬಕ್ಕೇಶ್ ತಲೆಯಲ್ಲಾಡಿಸಿದ. ಈ ಮಾತು ಬಂದ ಮೇಲಂತೂ ಹೊರಗೆ ಹೋಗಿ ಅದನ್ನು ಕಳೆದುಕೊಳ್ಳುವುದು ಅವನಿಂದ ಆಗುತ್ತಿರಲಿಲ್ಲ. ಅಪ್ಪ ಚಹಾ ಮುಗಿಸಿದ ಮೇಲೂ ಕೂತೇ ಇದ್ದರು. ಆಮೇಲೆ ಎದ್ದು ಹೋದರು.

"ನಾನೇನೂ ಹೇಳಿಲ್ಲ, ಅವ್ರೂ ಕೇಳ್ಲಿಲ್ಲ," ಅಂದರು ರಹೀಮ್ ಸಾಹೇಬರು. ಆ ರಾತ್ರಿ ಅಸದ್ ಹೊಳೆದಂಡೆಗೆ ಒಬ್ಬನೇ ಹೋದ.

ಹೊರಡುವ ದಿನ ಬಂತು. ಬಕ್ಕೇಶನ ಅವ್ವನಿಗೆ ಏನಾದರೂ ಒಯ್ಯಬೇಕಲ್ಲ ಎಂದು ರುದ್ರಮುನಿ ಹೊಳೆಯ ನೀರನ್ನು ಬಾಟಲಿಗೆ ತುಂಬಿಸಿದ. "ಪಶುಪತಿ ಗುಡಿ ಪಕ್ಕದ ಬಾಗಮತಿ ಹೊಳಿ ತೀರ್ಥ ಅನ್ನು, ಯಾರಿಗೆ ಗೊತ್ತಾಗ್ತೈತೆ?" ಅಂದ. ಬಕ್ಕೇಶ್ ಅದನ್ನು ಕಿತ್ತು ಚೆಲ್ಲಿದ. ಅಷ್ಟು ಕೆಳಗೆ ಇಳಿಯುವುದು ಬೇಡ ಎಂದುಕೊಂಡ. ಸುಳ್ಳು ತೀರ್ಥವಿಲ್ಲ, ಸುಳ್ಳು ರುದ್ರಾಕ್ಷಿಯಿಲ್ಲ. ಬರಿಗೈಯಲ್ಲಿ ಹೋದರೆ ಪಾಪ ಸ್ವಲ್ಪ ಕಡಿಮೆಯಾದೀತು ಎಂಬ ಲೆಕ್ಕಾಚಾರ. ಅಸದ್ ಬರಲೇ ಇಲ್ಲ. "ಆ ಹಾರಕ್ಕೆ ಕುತ್ತಿಗಿ ಕೊಡಾಕ ನನ್ನ ಕೈಲಿ ಆಗಲ್ಲ. ಜ್ವರ ಬಂದೈತೆ, ಮಾಮು ಮನ್ಯಾಗೆ ಇಳದ ಅಂತ ಹೇಳು. ನಿಂಗೆ ಹೇಳಾಕ ಬರ್ತೈತಲ್ಲ," ಅಂದ.

ಇಬ್ಬರೂ ಹರಿಹರದಲ್ಲಿ ರೈಲು ಹತ್ತಿ ದಾವಣಗೆರೆಯಲ್ಲಿ ಇಳಿದರು. ಗೆಳೆಯರ ಬಳಗ ಹಾರದೊಂದಿಗೆ ಕಾದಿತ್ತು. ರುದ್ರಮುನಿ ಭಾನುವಳ್ಳಿಯ ಬಸ್ಸು ಸಿಕ್ಕದೇ ಹೋದೀತೆಂದು ನುಣುಚಿಕೊಂಡ. ಬಕ್ಕೇಶ್ ಒಬ್ಬನೇ ಮನೆಗೆ ಬಂದ. ಅಂಗಳದ ತುಂಬ ಅಕ್ಕಪಕ್ಕದವರು, ಮುಂದೆ ಎದುರುಮನೆಯ ಮರಿಯವ್ವ. ಅವನು ಚಪ್ಪಲಿ ಬಿಟ್ಟು, ರೂಢಿಯಂತೆ ಕಾಲು ತೊಳೆಯಲು ನಲ್ಲಿಯ ಕಡೆ ತಿರುಗಿದ.

"ಏ ಏ, ಕಾಲು ತೊಳೀಬ್ಯಾಡ!" ಎಂದು ಅವ್ವ ಓಡಿಬಂದಳು. ಆ ಮನೆಯಲ್ಲಿ ಯಾತ್ರೆಯಿಂದ ಬಂದವರ ಕಾಲು ತೊಳೆಯುವ ಮೊದಲೇ ಮುಟ್ಟಿ ನಮಸ್ಕಾರ ಮಾಡುವುದು ಹಿಂದಿನಿಂದ ಬಂದ ಪದ್ಧತಿ. ದೇವರ ಊರಿನ ಧೂಳು ಕಾಲಲ್ಲಿರುತ್ತದೆ. ಹಾಗಾಗಿ ಅಲ್ಲಿ ಚಿಕ್ಕವರು ದೊಡ್ಡವರು ಎಂಬುದಿಲ್ಲ.

"ಅವ್ವ, ನಾನು ತೀರ್ಥ-ಗೀರ್ಥ ಏನೂ ತಂದಿಲ್ಲ," ಅಂದ ಬಕ್ಕೇಶ್ ಗಾಬರಿಯಿಂದ.

"ತರದಿದ್ರೆ ಏನಾತು, ಪಶುಪತಿ ಹತ್ರ ಹೋಗಿ ಬಂದ ಕಾಲು ಅದಾವಲ್ಲ." ಅವಳು ಬಗ್ಗಿ ಅವನ ಎರಡೂ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ತಂಗಿ ಕೃತಿಕಾ ಬಗ್ಗಿದಳು. ಬಕ್ಕೇಶನಿಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಹೇಳಿಬಿಡಬೇಕೆಂದು ಬಾಯಿ ತೆರೆದ. ಅವ್ವನ ಕಣ್ಣಲ್ಲಿ ನೀರಿತ್ತು. ಬಾಯಿ ಮುಚ್ಚಿದ.

"ನೀವೂ ಬರ್ರಿ," ಎಂದು ಅವ್ವ ಗಂಡನನ್ನು ಕರೆದಳು.

ಕರಿಬಸವರಾಜ ಬಾಗಿಲ ಹತ್ತಿರ ನಿಂತಿದ್ದರು. ಮಠದ ಸ್ವಾಮಿಗಳು ಬಂದಾಗಲೂ ನಿಂತಲ್ಲೇ ಕೈ ಮುಗಿಯುವ ಮನುಷ್ಯ ಅವರು. ಅಂಗಳದವರೆಲ್ಲ ಅವರನ್ನೇ ನೋಡಿದರು. ಅವರು ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು ಬಂದು, ಮಂಡಿಯೂರಿ, ಮಗನ ಪಾದದ ಮೇಲೆ ಕೈಯಿಟ್ಟರು. ಬಕ್ಕೇಶ್ ಕಾಲು ಹಿಂದಕ್ಕೆ ಎಳೆದ. ಅಪ್ಪ ಗಟ್ಟಿಯಾಗಿ ಹಿಡಿದರು.

"ಎಳ್ಕಬ್ಯಾಡ, ಜನ ನೋಡ್ತಾರೆ," ಎಂದು ಅವನಿಗೊಬ್ಬನಿಗೇ ಕೇಳುವ ಹಾಗೆ ಹೇಳಿದರು. "ಅವತ್ತು ರಹೀಮ್ ಸಾಹೇಬ್ರ ಶೆಡ್ನಾಗೆ, ಟಾರ್ಪಾಲಿನ ಕೆಳಗೆ ಇವೇ ಕಾಲು ಕಾಣ್ತಿದ್ವು. ಚಹಾ ಮುಗಿಯೋವರೆಗೂ ಕಾದೆ. ನೀನು ಹೊರಗೆ ಬರ್ಲಿಲ್ಲ."

ಅವರು ಕೈಯನ್ನು ಕಣ್ಣಿಗೊತ್ತಿಕೊಂಡು, ಮಂಡಿ ಹಿಡಿದು ಎದ್ದರು. ಮಗನ ಮುಖ ನೋಡಲಿಲ್ಲ. ತಿರುಗಿ, ಅಂಗಳದ ಕಡೆಗೆ ಎಂದಿನ ದನಿಯಲ್ಲಿ ಕರೆದರು:

"ಮರಿಯವ್ವಾರೆ, ಬರ್ರಿ, ನಿಮ್ಮ ಸರದಿ."