ಏಳನೇ ಬೋನಿನ ಮಿದುಳು

ನಮ್ಮ ಡಾಕ್ಟರಿಗೆ ನಾವು ಇಟ್ಟ ಹೆಸರು ಮಿತಾಹಾರಿ. ಕಮ್ಮಿ ತಿಂದರೆ ಮುಪ್ಪಿನಲ್ಲೂ ಮಿದುಳು ಮಂಕಾಗುವುದಿಲ್ಲ ಎಂದು ಭಾಷಣ ಬಿಗಿಯುತ್ತಲೇ ಎದುರಿಗಿದ್ದ ಕೇಕಿನ ತಟ್ಟೆ ಖಾಲಿ ಮಾಡುವ ಮಹಾನುಭಾವ. ಅರೆಹೊಟ್ಟೆಯಲ್ಲಿರುವ ಕೆಲಸವನ್ನು ಮಾತ್ರ ಪ್ರಯೋಗಾಲಯದ ಕೋತಿಗಳಿಗೆ ವಹಿಸಿದ್ದರು. ಆ ಕೋತಿಗಳಿಗೆ ಹತ್ತೊಂಬತ್ತು ವರ್ಷದಿಂದ ಊಟ ಹಾಕುತ್ತಿರುವವಳು ನಾನು.

ಎಡಗಡೆಯ ಸಾಲಿಗೆ ಹೊಟ್ಟೆ ತುಂಬ ಊಟ. ಬಲಗಡೆಯ ಸಾಲಿಗೆ ಮೂರರಲ್ಲಿ ಒಂದು ಪಾಲು ಕಡಿತ. ಮಿದುಳಿನೊಳಗೆ ಬಿಳಿ ಭಾಗ ಅಂತ ಇರುತ್ತದಂತೆ, ಅದೆಲ್ಲ ತಂತಿಗಳ ಕಟ್ಟು. ವಯಸ್ಸಾದಂತೆ ಆ ತಂತಿಗಳ ಮೇಲಿನ ಕೊಬ್ಬಿನ ಹೊದಿಕೆ, ಹಳೇ ಇಸ್ತ್ರಿಪೆಟ್ಟಿಗೆಯ ವೈರಿನ ಹಾಗೆ, ಸುಲಿದು ಹೋಗುತ್ತದಂತೆ. ಕಮ್ಮಿ ತಿಂದವರದು ಸುಲಿಯುತ್ತದೋ ಇಲ್ಲವೋ ಎಂದು ನೋಡುವುದೇ ಇಡೀ ಯೋಜನೆ.

ಆರು ವರ್ಷದ ಹಿಂದೆ ಯಾರೋ ದೊಡ್ಡ ಅತಿಥಿಗಳು ಬರುತ್ತಾರೆಂದು ಡಾಕ್ಟರಿಗೆ ಒಂದು ಫೋಟೋ ಬೇಕಾಯಿತು. ಎಡಸಾಲಿನ ಕೊನೆಯ ಆರನೇ ಬೋನಿನ ಡುಮ್ಮಿ, ಬಲಸಾಲು ಶುರುವಾಗುವ ಏಳನೇ ಬೋನಿನ ಕಡ್ಡಿ, ಎರಡೂ ಅಕ್ಕಪಕ್ಕ ಇರಬೇಕು. ಬೋನುಗಳನ್ನು ತಳ್ಳಿ ಜೋಡಿಸಿದೆವು. ಫೋಟೋ ಬಾಗಿಲ ಬಳಿ ತೂಗಿತು. ಆಮೇಲೆ ಬಂದವರೆಲ್ಲ ಆ ಜೋಡಿಯನ್ನೇ ಕೇಳತೊಡಗಿದರು. ಹಾಗಾಗಿ ಬೋನುಗಳು ಅಲ್ಲೇ ಉಳಿದವು.

ಮೊದಲ ವಾರವೇ ಡುಮ್ಮಿ ತನ್ನ ತಟ್ಟೆಯಿಂದ ಮೂರು ಬಿಸ್ಕತ್ತು ಎತ್ತಿ ಕಂಬಿಯ ಸಂದಿಯಿಂದ ಕಡ್ಡಿಗೆ ದಾಟಿಸಿತು. ನಾನು ಓಡಿಹೋಗಿ ಹೇಳಿದೆ.

"ಊಟ ಹಾಕೋದು ನಿನ್ನ ಕೆಲಸ. ಗಮನಿಸೋದು ನಮ್ಮ ಕೆಲಸ" ಎಂದರು ಡಾಕ್ಟರು.

ಸರಿ ಮಹಾರಾಯ ಅಂದುಕೊಂಡೆ. ಊಟದ ರಿಜಿಸ್ಟರಿನಲ್ಲಿ ಷರಾ ಅಂತ ಒಂದು ಕಾಲಂ ಇದೆ. ಅವತ್ತಿನಿಂದ ಅದರಲ್ಲಿ ದಿನಾ ಬರೆದೆ: ಆರು ಏಳಕ್ಕೆ ಕೊಟ್ಟಿದ್ದು, ಮೂರು. ಕೆಲವು ದಿನ ನಾಲ್ಕು. ವಾರದ ಕೊನೆಗೆ ಡಾಕ್ಟರು ಫೋನಿನಲ್ಲಿ ನಗುತ್ತಾ ಪುಟದ ಕೆಳಗೆ ಸಹಿ ಗೀಚುತ್ತಿದ್ದರು.

ಈ ವರ್ಷ ಮುದಿ ಕೋತಿಗಳ ತಲೆಯ ಸ್ಕ್ಯಾನ್ ಆಯಿತು. ಕಡ್ಡಿಯ ಬಿಳಿ ಭಾಗ ಎಳೇ ಕೋತಿಯದರಂತೆ ಗಟ್ಟಿಮುಟ್ಟಾಗಿತ್ತು. ಡಾಕ್ಟರ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ಅರೆಹೊಟ್ಟೆಯ ಮಹಿಮೆ ನೋಡಿದ್ಯಾ! ಗುರುವಾರ ಇದರ ಮಿದುಳು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡ್ತೀವಿ."

ಇಪ್ಪತ್ತೇಳು ವರ್ಷದ ಮುದುಕಿ ಅದು. ನನ್ನ ಹೆಜ್ಜೆಯ ಸದ್ದಿಗೆ ಎದ್ದು ಕೂರುತ್ತದೆ. ಇವರ ಮಹಿಮೆಗೆ ಅದು ತಲೆ ಕೊಡಬೇಕೇ?

ಆರು ವರ್ಷದ ರಿಜಿಸ್ಟರುಗಳನ್ನು ಹೊತ್ತು ಮೇಜಿನ ಮೇಲೆ ಹಾಕಿದೆ. ಡಾಕ್ಟರು ನಾಲ್ಕು ಪುಟ ತಿರುವಿದರು. ಮುಖ ಹುಳ್ಳಗಾಯಿತು.

"ಇದನ್ನೆಲ್ಲಾ ಬರಿ ಅಂತ ಯಾರು ಹೇಳಿದ್ರು?"

"ಕಾಲಂ ಖಾಲಿ ಇತ್ತಲ್ಲ ಸಾರ್."

ಆಮೇಲೆ ದನಿ ಇಳಿಸಿದರು. "ನೋಡಮ್ಮಾ, ಹೊಸ ರಿಜಿಸ್ಟರ್ ಕೊಡಿಸ್ತೀನಿ. ನೀಟಾಗಿ ಇನ್ನೊಂದ್ಸಲ ಬರೆದುಬಿಡು, ಷರಾ ಬಿಟ್ಟು. ನಿನ್ನ ನಿವೃತ್ತಿಗೆ ಇನ್ನೂ ಎರಡು ವರ್ಷ ಇದೆ, ಗೊತ್ತಲ್ಲ?"

ಗೊತ್ತಿತ್ತು. ಹೆದರಿಕೆಯೂ ಆಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಯಾವ ಪ್ರಾಣಿಯನ್ನು ಕೊಲ್ಲುವ ಮೊದಲೂ ಹೊರಗಿನ ತಪಾಸಣೆಯ ಮೇಡಂ ಬಂದು ಒಪ್ಪಿಗೆ ಕೊಡಬೇಕು. ಬುಧವಾರ ಅವರು ಬಂದಾಗ ಹಳೇ ರಿಜಿಸ್ಟರುಗಳನ್ನೇ ಅವರ ಮುಂದಿಟ್ಟೆ.

ಆಕೆ ಕನ್ನಡಕ ಏರಿಸಿಕೊಂಡು ಒಂದೊಂದೇ ಸಾಲು ಓದಿದರು. ಆ ಕಾಲಂ ಅನ್ನು ಪೂರ್ತಿ ಓದಿದ ಮೊದಲ ಮನುಷ್ಯರು ಅವರು.

"ಪ್ರತಿ ಪುಟದ ಕೆಳಗಿರೋದು ನಿಮ್ಮ ಸಹಿ ತಾನೆ ಡಾಕ್ಟ್ರೇ?"

"ಹೌದು ಮೇಡಂ."

"ಗೊತ್ತಿದ್ದೂ ಮುಚ್ಚಿಟ್ರಾ, ಇಲ್ಲಾ ಓದದೇ ಸಹಿ ಹಾಕಿದ್ರಾ?"

ಮಿತಾಹಾರಿ ಬಗ್ಗಿ ತಮ್ಮ ಸಹಿಯನ್ನೇ ನೋಡಿದರು. ನಾನು ನಗು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಕೊನೆಗೆ, "ಕೆಲಸದ ಒತ್ತಡ... ಓದಿಲ್ಲ" ಎಂದರು. ಎರಡರಲ್ಲಿ ಮಾನ ಕಮ್ಮಿ ಹೋಗುವುದನ್ನು ಆರಿಸಿಕೊಂಡರು, ಜಾಣರು.

"ಹಾಗಿದ್ರೆ ಕೊಟ್ಟಿದ್ದೂ ಲೆಕ್ಕಕ್ಕಿಲ್ಲ, ತಗೊಂಡಿದ್ದೂ ಲೆಕ್ಕಕ್ಕಿಲ್ಲ. ಎರಡು ಕೋತಿಗಳೂ ಯೋಜನೆಯಿಂದ ಹೊರಗೆ. ಕೊಲ್ಲೋಕೆ ಕಾರಣವೇ ಇಲ್ಲ, ಇರೋವರೆಗೂ ಸಾಕಿ" ಎಂದು ಮೇಡಂ ಬರೆದು ಎದ್ದರು.

ನನಗೆ ಕಣ್ಣು ತುಂಬಿ ಬಂತು. ಸಂತೋಷಕ್ಕೆ, ಮತ್ತೆ ಸಿಟ್ಟಿಗೆ. ಒಂದು ಕಾಲಂ ಓದಲು ಆರು ವರ್ಷ ಬೇಕಾಯಿತು ಈ ಮಿದುಳಿನ ಪಂಡಿತರಿಗೆ.

ಡಾಕ್ಟರು ಓಣಿಯಲ್ಲಿ ನನ್ನನ್ನು ತಡೆದರು.

"ಎಂಥಾ ಒಳ್ಳೇ ಮಿದುಳು! ನಿನ್ನಿಂದ ಹೋಯ್ತಲ್ಲಮ್ಮಾ."

"ಎಲ್ಲೂ ಹೋಗಿಲ್ಲ ಸಾರ್" ಎಂದೆ. "ಅದರ ತಲೇಲೇ ಇದೆ."