ಯಾವ ಫೋಲ್ಡರ್ ತೆರೆದಿಟ್ಟಿದ್ದೀರಿ?

ದೊಡ್ಡ ಫೈಲೊಂದನ್ನು ಇಳಿಸಿಕೊಳ್ಳಲು ಕುಳಿತವರಿಗೆಲ್ಲ ಈ ಕಷ್ಟ ಗೊತ್ತು. ಮುಕ್ಕಾಲು ಪಾಲು ಬಂದಿರುತ್ತದೆ. ಅಷ್ಟರಲ್ಲಿ ಸಂಪರ್ಕ ಕಡಿಯುತ್ತದೆ. ಮತ್ತೆ ಮೊದಲಿನಿಂದ ಆರಂಭ. ನಮ್ಮ ಬೀದಿಯ ಫೋಟೋ ಸ್ಟುಡಿಯೋದವನು ಮೂರು ದಿನ ಈ ಅವಸ್ಥೆ ಪಟ್ಟ. ಅವನಿಗೆ ಬೇಕಾಗಿದ್ದದ್ದು ಆಲ್ಬಂ ಪುಟಗಳ ವಿನ್ಯಾಸದ ಒಂದು ದೊಡ್ಡ ಕಟ್ಟು. ಅದನ್ನು ರಚಿಸಿದ ಕಲಾವಿದೆಯೇ ಎಲ್ಲರೂ ಬಳಸಲೆಂದು ಬಿಟ್ಟುಕೊಟ್ಟಿದ್ದಳು. ಕದ್ದ ಮಾಲು ಅದಲ್ಲ. ತಪ್ಪು ನಡೆದದ್ದು ಬೇರೆ ಕಡೆ.

ನಾಲ್ಕನೆಯ ದಿನ ಬೆಳಿಗ್ಗೆ ಆತ ಹುಡುಕಾಟದಲ್ಲಿ ಎಲ್ಲಕ್ಕಿಂತ ಮೊದಲು ಕಂಡ ಫೈಲ್ ಹಂಚಿಕೆಯ ತಂತ್ರಾಂಶವನ್ನು ಹಾಕಿಕೊಂಡ. ಯಾರು ಮಾಡಿದ್ದು, ಎಲ್ಲಿಂದ ಬಂತು ಎಂದು ನೋಡಲಿಲ್ಲ. ಸಂಪರ್ಕ ಕಡಿದರೂ ನಿಂತಲ್ಲಿಂದಲೇ ಮುಂದುವರಿಯುತ್ತದೆ ಎಂದು ಅದರಲ್ಲಿ ಬರೆದಿತ್ತು. ಆ ಮಾತೇನೋ ನಿಜವೇ ಆಗಿತ್ತು. ಅದು ಕೇಳಿದ ಪ್ರಶ್ನೆಗಳಿಗೆಲ್ಲ ಓದದೆಯೇ ‘ಸರಿ’ ಒತ್ತುತ್ತ ಹೋದ. ಫೈಲುಗಳನ್ನು ಎಲ್ಲಿ ಇಡಬೇಕು ಎಂಬ ಪ್ರಶ್ನೆಗೆ ಮಾತ್ರ ಉತ್ತರ ಕೊಡಲೇಬೇಕಿತ್ತು. ‘ಕೆಲಸ’ ಎಂಬ ಫೋಲ್ಡರನ್ನು ತೋರಿಸಿದ.

ಆ ಸ್ಟುಡಿಯೋದಲ್ಲಿ ಸಮಸ್ತವೂ ‘ಕೆಲಸ’ದೊಳಗೇ ಇರುತ್ತಿತ್ತು. ಗಿರಾಕಿ ಆರು ತಿಂಗಳ ಮೇಲೆ ಬಂದು ಅದೇ ಫೋಟೋದ ಇನ್ನೆರಡು ಪ್ರತಿ ಕೇಳಬಹುದೆಂದು ಯಾವುದನ್ನೂ ಅಳಿಸುತ್ತಿರಲಿಲ್ಲ. ಫೋಟೋಗಳ ಪಕ್ಕದಲ್ಲೇ ಜನ ಅರ್ಜಿಗೆಂದು ಸ್ಕ್ಯಾನ್ ಮಾಡಿಸಿದ ಗುರುತಿನ ಚೀಟಿ, ಬಾಡಿಗೆ ಕರಾರು, ವೈದ್ಯರ ವರದಿ. ಸ್ಕ್ಯಾನ್ ಮಾಡುವವಳು ಅವನ ಹೆಂಡತಿ. ಆಕೆ ಬಲು ಅಚ್ಚುಕಟ್ಟು. ಪ್ರತಿ ಫೈಲಿಗೂ ಗಿರಾಕಿಯ ಪೂರ್ತಿ ಹೆಸರು, ಬೀದಿ, ಮನೆಯ ಸಂಖ್ಯೆ ಬರೆದೇ ಇಡುವಳು. ಹುಡುಕಿದ ಕೂಡಲೇ ಸಿಗಲಿ ಎಂದು.

ಮಧ್ಯಾಹ್ನ ಅವನ ತಂಗಿ ಬಂದಳು. ಗ್ರಂಥಾಲಯದ ಕಂಪ್ಯೂಟರ್ ವಿಭಾಗವನ್ನು ನೋಡಿಕೊಳ್ಳುವವಳು ಆಕೆ. ಅಣ್ಣ ಹೆಮ್ಮೆಯಿಂದ ಪರದೆಯನ್ನು ಅವಳತ್ತ ತಿರುಗಿಸಿದ. ಇಳಿಯುತ್ತಿದ್ದ ಫೈಲನ್ನು ಆಕೆ ನೋಡಲಿಲ್ಲ; ಅದರ ಕೆಳಗೆ ಸರಸರನೆ ಬದಲಾಗುತ್ತಿದ್ದ ಅಂಕಿಗಳನ್ನು ನೋಡಿದಳು.

“ಅಣ್ಣ, ಇದು ಬರೀ ಇಳೀತಿಲ್ಲ. ನಿನ್ನ ಕಡೆಯಿಂದ ಹೊರಗೂ ಹೋಗ್ತಿದೆ.”

“ಹೋಗ್ಲಿ ಬಿಡು. ಕೊಟ್ಟು ತಗೊಳ್ಳೋದು ಇದರ ಪದ್ಧತಿಯಂತೆ. ನಮ್ಮ ಪಾಸ್‌ಪೋರ್ಟ್ ಫೋಟೋ ತಗೊಂಡು ಯಾರೇನು ಮಾಡ್ತಾರೆ? ತೆಗೆಸ್ಕೊಂಡೋರೇ ಆ ಮುಖ ನೋಡೋಕೆ ಹೆದರ್ತಾರೆ.”

ತಂಗಿ ನಗಲಿಲ್ಲ. ಇಂಥ ತಂತ್ರಾಂಶಗಳು ಒಬ್ಬರ ಕಂಪ್ಯೂಟರಿನಿಂದ ಇನ್ನೊಬ್ಬರಿಗೆ ಫೈಲು ದಾಟಿಸುತ್ತವೆ, ಅದರಲ್ಲಿ ದೋಷವಿಲ್ಲ ಎಂದು ವಿವರಿಸಿದಳು. ಒಳ್ಳೆಯವು ನೀವು ಇಳಿಸಿಕೊಂಡ ಫೈಲನ್ನಷ್ಟೇ ಇತರರಿಗೆ ಕೊಡುತ್ತವೆ. ಇದೋ, ನೀವು ತೋರಿಸಿದ ಫೋಲ್ಡರಿನಲ್ಲಿ ಇರುವುದೆಲ್ಲವನ್ನೂ ಜಗತ್ತಿನ ಮುಂದೆ ಹರವಿ ಕುಳಿತಿದೆ. ಯಾರು ಯಾವ ಹೆಸರು ಹಾಕಿ ಹುಡುಕಿದರೂ ಸಿಗುತ್ತದೆ. ಹೀಗೆ ಹೇಳುತ್ತಲೇ ಹೊರಹೋದ ಫೈಲುಗಳ ಪಟ್ಟಿಯನ್ನು ತೆರೆದಳು.

ಮೊದಲ ಸಾಲಿನಲ್ಲಿ ಶಾಲಾ ಮಕ್ಕಳ ಗುಂಪು ಚಿತ್ರವಿತ್ತು. ಎರಡನೆಯದು ಮುದುಕರೊಬ್ಬರ ರಕ್ತಪರೀಕ್ಷೆಯ ವರದಿ. ಹಿಂದೆ ನಿಂತು ಓದುತ್ತಿದ್ದ ಹೆಂಡತಿ ಮೂರನೆಯ ಸಾಲಿಗೆ ಬಂದವಳು ಕುರ್ಚಿಯ ಬೆನ್ನನ್ನು ಬಿಗಿಯಾಗಿ ಹಿಡಿದುಕೊಂಡಳು. ಅದು ಹಿಂದಿನ ಬೀದಿಯಲ್ಲಿ ಬಟ್ಟೆ ಹೊಲಿಯುವ ಹೆಂಗಸಿನ ಬಾಡಿಗೆ ಕರಾರು.

ಆ ಹೆಂಗಸು ಎಂಟು ತಿಂಗಳ ಹಿಂದೆ ಗಂಡನ ಮನೆ ಬಿಟ್ಟು ಬಂದವಳು. ಅವನು ಅವಳ ಕೈ ಮುರಿದಿದ್ದ. ಓಡಿಹೋದರೆ ಹುಡುಕಿ ಮುಗಿಸುತ್ತೇನೆಂದು ಹೇಳಿದ್ದ. ತಾನು ಮಗಳೊಂದಿಗೆ ಎಲ್ಲಿದ್ದೇನೆಂದು ಆಕೆ ತೌರಿಗೂ ತಿಳಿಸಿರಲಿಲ್ಲ. ಕರಾರನ್ನು ಸ್ಕ್ಯಾನ್ ಮಾಡಿಸಿಕೊಳ್ಳುವಾಗ, “ಅಕ್ಕ, ಈ ವಿಳಾಸ ನಿಮ್ಮಲ್ಲೇ ಇರಲಿ” ಎಂದು ಬೇಡಿದ್ದಳು. ಈಗ ಅವಳ ಹೆಸರು, ಬೀದಿ, ಮನೆಯ ಸಂಖ್ಯೆ ಪರದೆಯ ಮೇಲೆ ಒಂದೇ ಸಾಲಿನಲ್ಲಿದ್ದವು. ಪಕ್ಕದಲ್ಲಿ: ಪಡೆದವರು ಇಬ್ಬರು.

ಸ್ಟುಡಿಯೋದವನ ಹೆಂಡತಿ ಯಾರನ್ನೂ ಕೇಳದೆ ಸಂಪರ್ಕದ ತಂತಿಯನ್ನು ಕಿತ್ತಳು.

ಇನ್ನೊಂದು ಗಂಟೆ ಬಿಟ್ಟಿದ್ದರೆ ಪೂರ್ತಿ ಬಂದುಬಿಡುತ್ತಿತ್ತಲ್ಲ ಎಂದು ಗಂಡ ಗೊಣಗಿದ. ಆಕೆ ಅವನ ಮುಖವನ್ನೇ ನೋಡಿದಳು.

“ಅವಳ ಮನೆ ನಂಬರು ಇಬ್ಬರ ಕೈಗೆ ಹೋಗಿದೆ ರೀ. ನಿಮಗೆ ಆಲ್ಬಮ್ಮಿನ ಅಂಚು ಹೆಚ್ಚಾಯ್ತಾ?”

ಆಗ ಅವನು ಪಟ್ಟಿಯ ಆ ಸಾಲನ್ನು ತಾನೇ ಓದಿದ. ಹೋದದ್ದನ್ನು ವಾಪಸು ತರಿಸಬಹುದೇ ಎಂದು ತಂಗಿಯನ್ನು ಕೇಳಿದ. ಆಗದು ಎಂದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದರು ಹಿರಿಯರು; ಆ ಸಾಲಿಗೆ ಇಂದು ಫೈಲನ್ನೂ ಸೇರಿಸಬೇಕು. ಪಡೆದವರು ಯಾರೆಂದು ಕೇಳಿದ. ಪಟ್ಟಿಯಲ್ಲಿ ಇದ್ದದ್ದು ಬರಿಯ ಅಂಕಿಗಳು. ಸಿಕ್ಕಿದ್ದೆಲ್ಲವನ್ನೂ ಬಾಚಿಕೊಳ್ಳುವ ದೂರದ ಯಾರೋ ಇರಬಹುದು. ಅವಳ ಹೆಸರನ್ನೇ ಹಾಕಿ ಹುಡುಕುತ್ತಿದ್ದವನೂ ಇರಬಹುದು.

“ಹಾಗಾದ್ರೆ ಅವಳಿಗೆ ಹೇಳಿ ಯಾಕೆ ಹೆದರಿಸೋದು? ಏನೂ ಆಗದೇನೂ ಇರಬಹುದು.”

“ಅದನ್ನ ಅವಳು ತೀರ್ಮಾನ ಮಾಡ್ಲಿ ಅಣ್ಣ. ಅವನು ಬಂದು ತಟ್ಟೋದು ಅವಳ ಬಾಗಿಲು, ನಿನ್ನದಲ್ಲ.”

ಮೂವರೂ ಅಂಗಡಿಯ ಬಾಗಿಲೆಳೆದು ಹೊರಟರು. ಹಿಂದಿನ ಬೀದಿಯ ಮಹಡಿಯ ಕೋಣೆಯಲ್ಲಿ ಆ ಹೆಂಗಸು ಶಾಲೆಯ ಸಮವಸ್ತ್ರಕ್ಕೆ ತೋಳು ಹೊಲಿಯುತ್ತಿದ್ದಳು. ಆತ ನಿಂತೇ ಎಲ್ಲವನ್ನೂ ಒಪ್ಪಿಕೊಂಡ. ಆಕೆ ಬೈಯಲಿಲ್ಲ, ಅಳಲಿಲ್ಲ.

“ಯಾರ ಹತ್ರ ಹೋಗಿದೆ ಅಣ್ಣ?”

“ಗೊತ್ತಿಲ್ಲಮ್ಮ.”

ಆಕೆ ಎದ್ದು, ಹಾಡುಹಗಲಿನಲ್ಲಿ ಬಾಗಿಲಿಗೆ ಚಿಲಕ ಹಾಕಿದಳು. ಆಮೇಲೆ ಹೊಲಿದು ಮುಗಿಯದ ಬಟ್ಟೆಗಳನ್ನು ಒಂದೊಂದಾಗಿ ಮಡಿಸಿ, ಯಾವುದು ಯಾರಿಗೆ ಕೊಡಬೇಕೆಂದು ಸ್ಟುಡಿಯೋದವನ ಹೆಂಡತಿಗೆ ಹೇಳತೊಡಗಿದಳು. ಶಾಲೆಯಿಂದ ಮಗಳನ್ನು ಕರೆತರಲು ತಂಗಿ ಹೋದಳು. ಪೊಲೀಸರಿಗೆ ದೂರು ಬರೆದುಕೊಟ್ಟ ಬಳಿಕ, ಸಂಜೆಗೆ ಮುಂಚೆಯೇ ತಾಯಿ ಮಗಳು ಬೇರೆಡೆಗೆ ಹೊರಟರು. ಹೊಲಿಗೆ ಯಂತ್ರದ ಕಬ್ಬಿಣದ ಕಾಲನ್ನು ಹೆಗಲಿಗೇರಿಸಿಕೊಂಡು ಮೆಟ್ಟಿಲಿಳಿದವನು ಸ್ಟುಡಿಯೋದವನೇ. ಎಲ್ಲಿಗೆ ಎಂದು ಆತ ಕೇಳಲಿಲ್ಲ. ಕೇಳುವ ಅರ್ಹತೆ ಉಳಿದಿರಲಿಲ್ಲ.

ಮರುದಿನ ತಂಗಿ ಆ ತಂತ್ರಾಂಶವನ್ನು ತೆಗೆದುಹಾಕಿದಳು. ಇನ್ನೊಂದನ್ನು, ಅದನ್ನು ತಯಾರಿಸಿದವರ ಸ್ವಂತ ತಾಣದಿಂದಲೇ ತರಿಸಿ, ಪ್ರತಿ ಪ್ರಶ್ನೆಯನ್ನೂ ಅಣ್ಣನಿಂದ ಗಟ್ಟಿಯಾಗಿ ಓದಿಸಿ ಆಮೇಲೆ ಉತ್ತರ ಒತ್ತಿಸಿದಳು. ಇಳಿಯುವ ಫೈಲಿಗೆಂದೇ ಖಾಲಿ ಹೊಸ ಫೋಲ್ಡರೊಂದು ತಯಾರಾಯಿತು. ಗಿರಾಕಿಗಳ ಕಾಗದಗಳು ಬೇರೆ ಡಿಸ್ಕಿಗೆ ಹೋದವು, ಗುಪ್ತಪದದ ಬೀಗ ಬಿತ್ತು. ಕೆಲಸ ಮುಗಿದ ಸ್ಕ್ಯಾನ್‌ಗಳನ್ನು ಹೆಂಡತಿ ಅಂದಂದೇ ಅಳಿಸತೊಡಗಿದಳು. ವಿನ್ಯಾಸದ ಕಟ್ಟು ಎರಡು ದಿನಗಳಲ್ಲಿ ಸಲೀಸಾಗಿ ಬಂತು. ಅದನ್ನು ನೋಡಿ ಆ ಮನೆಯಲ್ಲಿ ಯಾರಿಗೂ ಖುಷಿಯಾಗಲಿಲ್ಲ.

ಇದನ್ನು ಓದುತ್ತಿರುವವರೇ, ದೊಡ್ಡ ಫೈಲು ಇಳಿಸಿಕೊಳ್ಳುವುದು ಅಪರಾಧವಲ್ಲ. ಓದದೆ ‘ಸರಿ’ ಒತ್ತುವುದು ಅಪರಾಧವೇ, ಏಕೆಂದರೆ ಅದರ ಶಿಕ್ಷೆಯನ್ನು ಇನ್ನೊಬ್ಬರು ಅನುಭವಿಸುತ್ತಾರೆ. ತಂತ್ರಾಂಶವನ್ನು ಆರಿಸುವಾಗ ಅದರ ವೇಗವನ್ನು ಆಮೇಲೆ ಕೇಳಿ. ಯಾರು ಮಾಡಿದ್ದು, ನನ್ನಿಂದ ಏನನ್ನು ಹೊರಗೆ ಕೊಡುತ್ತದೆ, ಕೆಲಸ ಮುಗಿದ ಮೇಲೆ ನಿಲ್ಲುತ್ತದೆಯೇ ಎಂದು ಮೊದಲು ಕೇಳಿ. ಗೊತ್ತಾಗದಿದ್ದರೆ ಬಲ್ಲವರನ್ನು ಕೇಳಿ. ಕೇಳಿದವರ ಮಾನ ಹೋಗುವುದಿಲ್ಲ. ಇಂಥದ್ದು ನಿಮ್ಮ ಕಂಪ್ಯೂಟರಿನಲ್ಲಿ ಈಗಾಗಲೇ ಇದ್ದರೆ, ಇವತ್ತೇ ತೆರೆದು ಅದು ಹಂಚುತ್ತಿರುವ ಫೋಲ್ಡರ್ ಯಾವುದೆಂದು ನೋಡಿ. ಅದರಲ್ಲಿ ಯಾರದಾದರೂ ಮನೆಯ ವಿಳಾಸವಿದ್ದರೆ, ತಂತಿ ಕಿತ್ತು, ಎದ್ದು ಹೋಗಿ ಅವರಿಗೆ ಹೇಳಿ.